ಅರ್ಬಾಬನಿಗೆ ಪಾಠ

ರುವಿಯ ಹಮ್ರಿಯಾ ಗಲ್ಲಿ, ಮೂರನೇ ಮಹಡಿ,
ನಾಲ್ಕು ಮಂಚ, ಒಂದು ಗ್ಯಾಸು,
ಗೂಡಲ್ಲಿ ಒಂದು ಮೊಲ.

ಕೆಳಗಿನ ಮನೆಯ ಸುಡಾನಿ ಮೇಷ್ಟ್ರು
ತಮ್ಮೂರಿಗೆ ಹೊರಟ ದಿನ
ಗೂಡಿನ ಸಮೇತ ನಮ್ಮ ಬಾಗಿಲಲ್ಲಿಟ್ಟು
‘ಎರಡೇ ದಿನ’ ಅಂದಿದ್ದರು.
ಅದು ಕಳೆದ ರಂಜಾನಿನ ಮಾತು.

ದಿನವಿಡೀ ಕೂತು ತಿನ್ನುವುದು,
ತಿಂದು ನಮ್ಮನ್ನೇ ದುರುಗುಟ್ಟುವುದು.
ಇದಿನಬ್ಬ ಹೆಸರಿಟ್ಟ: ಅರ್ಬಾಬ್.
ನಮ್ಮ ಪಾಸ್‌ಪೋರ್ಟಿಗೆ ಬೀಗ ಹಾಕಿಟ್ಟವನನ್ನೂ
ನಾವು ಕರೆಯುವುದು ಹಾಗೇ.
ನಕ್ಕ ನಗುವಿಗೆ ಗ್ರೆಗರಿಯ ಸಾರು ಉಕ್ಕಿ ಚೆಲ್ಲಿತು.

ಇವನಿಗೇನಾದರೂ ಕಲಿಸೋಣ ಅಂದವನು ಫಕೀರಪ್ಪ,
ನವಲಗುಂದದವ, ವಯರಿಂಗಿನವ.
ಸೈಟಿನಿಂದ ಪೈಪಿನ ತುಂಡು ತಂದು
ಬಿಸಿ ಮಾಡಿ, ಬಗ್ಗಿಸಿ, ಬಳೆ ಮಾಡಿದ,
ಮೊಲ ತೂರುವಷ್ಟು.
ನಾನು ಬೈಂದೂರಿನವ, ಸ್ಟೋರಿನ ಲೆಕ್ಕದವ,
ನನ್ನ ಜೇಬಿನ ಪೆನ್ನು ಟಿಕ್ ಅನ್ನುತ್ತದೆ.
ಸರಿ ಮಾಡಿದರೆ ಟಿಕ್.
ಟಿಕ್ ಅಂದರೆ ಖರ್ಜೂರ, ಉಗುರಿನಷ್ಟು.
ಇಷ್ಟೇ ವ್ಯಾಕರಣ.

ಮೊದಲ ವಾರ ಅರ್ಬಾಬ್ ಬಳೆಯನ್ನೇ ಕಡಿದ.
ಎರಡನೇ ವಾರ ಗ್ರೆಗರಿಯ ಚಾರ್ಜರು.
ಗ್ರೆಗರಿ ಸೌಟೆತ್ತಿ ಗದರಿದ.
ಹಿಂಗಾಲು ಧಡ್ ಅಂತ ನೆಲಕ್ಕೆ ಬಡಿದು
ಮಂಚದಡಿ ಹೊಕ್ಕ ಮೊಲ
ಎರಡು ದಿನ ಹೊರಗೆ ಬರಲಿಲ್ಲ.

“ಬೈಬ್ಯಾಡ್ರೋ. ಒಮ್ಮೆ ಅಂಜ್ತಂದ್ರ ಮುಗೀತು,
ಮತ್ತ ಒಂದರಿಂದ ಶುರು ಮಾಡಬೇಕು.”
ಯಾರೂ ಮಾತಾಡಲಿಲ್ಲ.
ಫೋರ್ಮನ್ನಿನ ಬಾಯಿ ನಮಗೆಲ್ಲ ಗೊತ್ತು.

ಆಮೇಲೆ ರೂಮಿನ ದನಿ ತಗ್ಗಿತು.
ಇಸ್ಪೀಟಿನಲ್ಲಿ ಸೋತವನೂ ಪಿಸುಗುಟ್ಟಿಯೇ ಬೈದ.
ರಾತ್ರಿ ಹತ್ತಕ್ಕೆ, ಎಸಿಯ ಹನಿ ಬಕೆಟ್ಟಿಗೆ ಬೀಳುವಾಗ,
ನಾಲ್ಕು ಗಂಡಸರು ನೆಲಕ್ಕೆ ಹೊಟ್ಟೆಯೂರಿ
ಮೊಲದ ಎತ್ತರಕ್ಕೆ ಇಳಿಯುತ್ತಿದ್ದೆವು.

ಮೂಗು ಬಳೆಗೆ ತಾಗಿತು. ಟಿಕ್.
ಒಂದು ಕಾಲು ಒಳಗೆ. ಟಿಕ್.
ಎರಡೂ ಕಾಲು, ಆಮೇಲೆ ಯೋಚನೆ,
ಆಮೇಲೆ ವಾಪಸು.
ಟಿಕ್ ಇಲ್ಲ.
ಅರ್ಬಾಬ್ ನನ್ನನ್ನು ನೋಡಿದ.
ಓಟಿ ಕತ್ತರಿಸಿದ ತಿಂಗಳು
ಕ್ಯಾಶಿಯರನನ್ನು ನಾನು ನೋಡಿದ್ದು ಹಾಗೇ.

ಮೂರು ತಿಂಗಳಿಗೆ ಬಳೆ ದಾಟಿದ,
ಬೆರಳು ಸುತ್ತಿಸಿದರೆ ಸುತ್ತಿದ,
ಹೆಸರು ಕರೆದರೆ ಬಂದ, ಮನಸ್ಸಿದ್ದರೆ.
ಗೂಡಿನ ಬಾಗಿಲು ಹಾಕುವುದನ್ನು
ನಾವೇ ಮರೆತೆವು.

ಶುಕ್ರವಾರ ಇದಿನಬ್ಬನ ವಿಡಿಯೋ ಕಾಲು.
ಆಚೆ ಉಪ್ಪಿನಂಗಡಿಯಲ್ಲಿ ಸಫೂರಾ,
ಏಳು ವರ್ಷದವಳು, ಮುಂದಿನ ಹಲ್ಲಿಲ್ಲ,
ಬೀದಿಯ ಮಕ್ಕಳನ್ನೆಲ್ಲ ಕರೆದು ಕೂರಿಸಿದ್ದಾಳೆ.
ಬಳೆ ಹಿಡಿದ ಇದಿನಬ್ಬನ ಕೈ ನಡುಗುತ್ತಿದೆ.
ಅರ್ಬಾಬ್ ಕೂತ.
ಕಿವಿ ತಿಕ್ಕಿಕೊಂಡ, ಎಡದ್ದು, ಆಮೇಲೆ ಬಲದ್ದು.
ನಾನು ಸುಮ್ಮನೆ ಟಿಕ್ ಅನ್ನಿಸಿದೆ, ಲಂಚದ ಹಾಗೆ.
ಬೆನ್ನು ತಿರುಗಿಸಿದ.

“ಬಾಪಾ, ಅದಕ್ಕೆ ಏನೂ ಬರುವುದಿಲ್ಲ.”
ಆಚೆ ನಗು. ಇದಿನಬ್ಬನೂ ನಕ್ಕ.
ಫೋನಿಟ್ಟ ಮೇಲೆ ಬಳೆಯನ್ನು
ನೀರಿನ ಎರಡು ಕ್ಯಾನುಗಳ ನಡುವೆ ಸಿಕ್ಕಿಸಿ
ಗೋಡೆ ಕಡೆ ಮುಖ ಮಾಡಿ ಮಲಗಿದ.

ಜುಲೈ ಬಂತು.
ಹನ್ನೆರಡೂವರೆಯಿಂದ ಮೂರೂವರೆ
ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಸರ್ಕಾರದ ಮಾತು.
ಸ್ಟೋರಿಗೂ ಗಿರಾಕಿಯಿಲ್ಲ. ತಲೆ ಸಿಡಿಯುತ್ತಿತ್ತು,
ರೂಮಿಗೆ ಬಂದೆ.
ಬಾಗಿಲು ಅರ್ಧ ತೆರೆದಿದ್ದೆ, ಅಷ್ಟೇ.

ಪರದೆ ಎಳೆದ ಮಬ್ಬಿನಲ್ಲಿ
ಅರ್ಬಾಬ್ ಬಳೆ ದಾಟುತ್ತಿದ್ದ.
ಆಚೆಗೆ. ತಿರುಗಿ ಈಚೆಗೆ.
ಯಾರೂ ಹೇಳಿಲ್ಲ, ಖರ್ಜೂರವಿಲ್ಲ.
ಮೂರನೇ ಸಲ ದಾಟಿದವನೇ
ಚಂಗನೆ ಮೇಲೆದ್ದು ಗಾಳಿಯಲ್ಲಿ ಮೈ ತಿರುವಿದ,
ತಲೆ ಒಂದು ದಿಕ್ಕಿಗೆ, ಹಿಂಗಾಲು ಇನ್ನೊಂದಕ್ಕೆ.
ಅದನ್ನು ನಾವು ಕಲಿಸಿರಲಿಲ್ಲ.

ಹೆಬ್ಬೆರಳು ಪೆನ್ನಿನ ತಲೆಯ ಮೇಲಿತ್ತು.
ಒತ್ತಲಿಲ್ಲ.
ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು
ಚಪ್ಪಲಿ ಕೈಯಲ್ಲಿ ಹಿಡಿದು
ಮೆಟ್ಟಿಲ ಮೇಲೆ ಕೂತೆ,
ಮೂರೂವರೆಯವರೆಗೆ.